ಯಾರ ಕದನ, ಯಾವ ಕಾಲ?

ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ನಿಂತವರಿಗೆ ಕಡಲು ಕಾಣಿಸದು. ಸುತ್ತ ಕಾಡು, ಗದ್ದೆ, ನಡುವೆ ಹಳೆಯ ಗುಡಿಗಳು. ಆದರೆ ಪಶ್ಚಿಮ ಸಮುದ್ರವನ್ನು ಆಳಿದ ಗೋವೆಯ ಕದಂಬರಿಗೆ ಇದು ಎರಡನೆಯ ರಾಜಧಾನಿಯಾಗಿತ್ತು. ಆ ವಂಶದ ಚಟ್ಟಯದೇವನು ಲಂಕೆಯವರೆಗೆ ಹಡಗುಗಳ ಸಾಲಿನಿಂದಲೇ ಸೇತುವೆ ಕಟ್ಟಿದನೆಂದು ಧಾರವಾಡದ ಬಳಿಯ ನರೇಂದ್ರದ 1125ರ ಶಾಸನ ಹೊಗಳುತ್ತದೆ. ಹೊಗಳಿಕೆಯಲ್ಲಿ ಉತ್ಪ್ರೇಕ್ಷೆ ಇದೆ. ಆದರೂ ಹಡಗಿನ ಪಡೆಯಿಲ್ಲದ ಅರಸನಿಗೆ ಇಂಥ ಹೊಗಳಿಕೆ ಸಲ್ಲುತ್ತಿರಲಿಲ್ಲ.

ಅಂದಿನ ಕಡಲ ಕಾಳಗ ಹೇಗಿತ್ತು? ಈ ಪ್ರಶ್ನೆಗೆ ಕಲ್ಲಿನಲ್ಲಿ ಉತ್ತರ ಹೇಳುವವು ಮುಂಬಯಿಯ ಬೊರಿವಲಿಗೆ ಸೇರಿದ ಎಕ್ಸಾರದ ವೀರಗಲ್ಲುಗಳು. 1882ರಲ್ಲಿ ಪ್ರಕಟವಾದ ಠಾಣೆ ಜಿಲ್ಲೆಯ ಗೆಜೆಟಿಯರ್ ಇವುಗಳನ್ನು ವಿವರವಾಗಿ ಬಣ್ಣಿಸಿದೆ. ಇವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಗಳಲ್ಲಿ ಕೂವೆಮರ ನಿಲ್ಲಿಸಿದ, ಸಾಲುಸಾಲು ಹುಟ್ಟುಗಳ ಹಡಗುಗಳು ಒಂದರ ಮೇಲೊಂದು ಏರಿಹೋಗುತ್ತವೆ. ಮೇಲೆ ಮಡಿದ ವೀರನನ್ನು ಅಪ್ಸರೆಯರು ಒಯ್ಯುತ್ತಾರೆ. ಇನ್ನೂ ಮೇಲೆ ಅವನು ಶಿವನ ಸನ್ನಿಧಿ ಸೇರುತ್ತಾನೆ.

ಆದರೆ ವೀರನ ಹೆಸರನ್ನಾಗಲಿ, ವರ್ಷವನ್ನಾಗಲಿ ಹೇಳುವ ಸ್ಪಷ್ಟ ಬರಹ ಆ ಕಲ್ಲುಗಳಲ್ಲಿ ಉಳಿದಿಲ್ಲ. ಆದರೂ ಇದು ಸುಮಾರು 1265ರಲ್ಲಿ ದೇವಗಿರಿಯ ಯಾದವ ಮಹಾದೇವನಿಗೂ ಉತ್ತರ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ ನಡೆದ ಕದನವೆಂದು ಹಲವರು ಬರೆದರು. ಅದಕ್ಕೆ ಆಧಾರ ಮಹಾದೇವನ ಮಂತ್ರಿ ಹೇಮಾದ್ರಿ ಬರೆದ ರಾಜಪ್ರಶಸ್ತಿ. ಸೋಮೇಶ್ವರ ಸಮುದ್ರದಲ್ಲಿ ಮುಳುಗಿದನೆಂದು ಅದು ಹೇಳುತ್ತದೆ. ಗ್ರಂಥದಲ್ಲಿ ಕಡಲ ಸಾವು ಇದೆ, ಕಲ್ಲಿನಲ್ಲಿ ಕಡಲ ಕಾಳಗ ಇದೆ. ಎರಡನ್ನೂ ಜೋಡಿಸುವುದು ಸುಲಭ. ಆದರೆ ಗ್ರಂಥ ಎಕ್ಸಾರದ ಕಲ್ಲುಗಳನ್ನು ಹೆಸರಿಸಿಲ್ಲ. ಕಲ್ಲುಗಳು ಮಹಾದೇವನನ್ನು ಹೆಸರಿಸಿಲ್ಲ.

ಕೊಂಕಣ ಕಂಡ ಯುದ್ಧ ಅದೊಂದೇ ಅಲ್ಲ. 1020ರಲ್ಲಿ ಪರಮಾರ ಭೋಜ ತನ್ನ ಕೊಂಕಣ ವಿಜಯದ ನೆನಪಿಗೆ ದಾನಗಳನ್ನು ಕೊಟ್ಟ. ಅದೇ ಶತಮಾನದಲ್ಲಿ ಕದಂಬ ಮೊದಲನೆಯ ಜಯಕೇಶಿ ಶಿಲಾಹಾರ ಅರಸನನ್ನು ಕೊಂದನೆಂದು ಕದಂಬರ ಶಾಸನಗಳು ಸಾರುತ್ತವೆ. ಕಲ್ಲಿನ ಕಾಲವನ್ನು ಇಷ್ಟು ಹಿಂದಕ್ಕೆ ಒಯ್ದರೆ ಅದು ನಮ್ಮ ಕದಂಬರ ಕಾಳಗವೂ ಆಗಬಹುದು! ಬೆಳಗಾವಿ ಸೀಮೆಯ ಅಭಿಮಾನಕ್ಕೆ ಇದು ಹಿತವೆನಿಸೀತು. ಆದರೆ ಯಾದವರಿಗೆ ಸಾಲದ ಆಧಾರ ಕದಂಬರಿಗೂ ಸಾಲದು.

ಹಾಗಾದರೆ ಕಾಲ ಗೊತ್ತುಮಾಡುವುದು ಹೇಗೆ? ಕನ್ನಡ ನಾಡಿನಲ್ಲಿ ಹೆಸರು, ಶಕವರ್ಷಗಳನ್ನು ಕೆತ್ತಿದ ವೀರಗಲ್ಲುಗಳು ಬೇಕಾದಷ್ಟಿವೆ. ಅವುಗಳ ಪಟ್ಟಿಕೆ, ಆಯುಧ, ಉಡುಗೆ, ಶಿಖರದ ಕೆತ್ತನೆಗಳನ್ನು ಹೆಸರಿಲ್ಲದ ಕಲ್ಲಿನೊಡನೆ ಹೋಲಿಸಬೇಕು. ಇದರಿಂದ ಒಂದು ಶತಮಾನದ ಅಂದಾಜು ಸಿಕ್ಕೀತು. ಒಂದು ವರ್ಷವಾಗಲಿ, ಒಬ್ಬ ಅರಸನಾಗಲಿ ಸಿಗುವುದಿಲ್ಲ. ಹಲಸಿಯ ನರಸಿಂಹ ಗುಡಿಯ ಶಾಸನ ಕಲಿಯುಗ 4270, ಅಂದರೆ ಕ್ರಿ.ಶ. 1169 ಎಂದು ತಾನೇ ಹೇಳುತ್ತದೆ. ಅಲ್ಲಿ ಊಹೆಗೆ ಎಡೆಯಿಲ್ಲ.

ಹೆಸರಿಲ್ಲದ ಚಿತ್ರಕ್ಕೆ ದೊಡ್ಡ ಹೆಸರು ಬೇಗ ಅಂಟುತ್ತದೆ. ಅದರಿಂದ ನಷ್ಟ ಯಾರಿಗೆ? ವೀರಗಲ್ಲು ನಿಲ್ಲಿಸಿದ್ದು ಗೆದ್ದ ರಾಜನ ಕೀರ್ತಿಗಲ್ಲ, ಮಡಿದ ವೀರನ ನೆನಪಿಗೆ. ಅವನ ಹೆಸರು ಮೊದಲೇ ಅಳಿಸಿಹೋಗಿದೆ. ಆ ಜಾಗದಲ್ಲಿ ಆಧಾರವಿಲ್ಲದೆ ಅರಸನ ಹೆಸರು ಬರೆದರೆ ಅವನ ಕಲ್ಲೂ ಅವನದಾಗಿ ಉಳಿಯುವುದಿಲ್ಲ.