ಸರ್ಪಗಂಧಿಯ ಬೇರಿನ ಚರಿತ್ರೆ

ಬೆಳಗಾವಿಯಿಂದ ಗೋವೆಗೆ ಹೋಗುವ ಹೆದ್ದಾರಿಯು ಜೋಯಿಡಾ ತಾಲೂಕಿನ ಅನಮೋಡವನ್ನು ದಾಟಿ, ಘಟ್ಟವನ್ನಿಳಿದು ಮೊಲೆಮ್ ಎಂಬ ಊರನ್ನು ಸೇರುವದು. ಘಟ್ಟದ ಮೇಲಿನ ಅರಣ್ಯವೇ ಕೆಳಗೂ ಹಬ್ಬಿರುವದು. ರಾಜ್ಯಗಳ ಗಡಿಯು ಮನುಷ್ಯರಿಗಲ್ಲದೆ ಗಿಡಮೂಲಿಕೆಗಳಿಗೆ ಇಲ್ಲ. ಪಶ್ಚಿಮ ಘಟ್ಟಗಳ ಇಂಥ ತೇವದ ಕಾಡುಗಳಲ್ಲಿ ಬೆಳೆಯುವ ಒಂದು ಚಿಕ್ಕ ಗಿಡವು ಸರ್ಪಗಂಧಿ. ಕನ್ನಡದಲ್ಲಿ ಇದಕ್ಕೆ ಸೂತ್ರನಾಭಿಯೆಂದೂ ಹೆಸರುಂಟು. ಗೆಣ್ಣಿಗೆ ಮೂರು ಮೂರಾಗಿ ಬರುವ ಎಲೆ, ಕೆಂಪು ತೊಟ್ಟಿನ ಬಿಳಿಯ ಹೂ, ಮಾಗಿದಾಗ ಕಪ್ಪಾಗುವ ಸಣ್ಣ ಹಣ್ಣು, ನೆಲದೊಳಗೆ ಹಾವಿನಂತೆ ಬಳುಕಿದ ಕಹಿಯಾದ ಬೇರು: ಇವು ಅದರ ಗುರುತುಗಳು.

ನಮ್ಮ ಜಿಲ್ಲೆಯ ಮನೆಗಳಲ್ಲಿ ಕಷಾಯವು ನಿತ್ಯದ ಪಾನೀಯ. ಲಾವಂಚದ ಬೇರನ್ನು ನೀರಿನ ಕೊಡದಲ್ಲಿ ಹಾಕುವದೂ, ಸೊಗದೆಯ ಬೇರಿನಿಂದ ಶರಬತ್ತು ಮಾಡುವದೂ ಹಳೆಯ ರೂಢಿಗಳೇ. ಈಚೆಗೆ ಪಟ್ಟಣಗಳಲ್ಲಿ ಮನಸ್ಸಿನ ಉದ್ವೇಗವನ್ನು ತಣಿಸುವ ಬೇರಿನ ಚಹಗಳಿಗೆ ಗಿರಾಕಿಗಳು ಹೆಚ್ಚಿರುವರು. ಹೀಗಿರಲು ಸರ್ಪಗಂಧಿಯನ್ನೂ ಅದೇ ಪಾತ್ರೆಯಲ್ಲಿ ಕುದಿಸಿದರೇನೆಂದು ಕೆಲವರಿಗೆ ತೋರುವದು ಸಹಜ. ಆ ಪ್ರಶ್ನೆಗೆ ಈ ಬೇರಿನ ಚರಿತ್ರೆಯೇ ಉತ್ತರವನ್ನು ಕೊಡುವದು.

ಪ್ರಾಚೀನ ವೈದ್ಯಸಂಹಿತೆಗಳಲ್ಲಿ ಸರ್ಪಗಂಧೆಯ ಹೆಸರು ವಿಷಹರ ದ್ರವ್ಯಗಳ ಸಾಲಿನಲ್ಲಿ ಬರುತ್ತದೆ. ಇದೇ ಕೀರ್ತಿಯೇ ಅದನ್ನು ಯುರೋಪಿನ ಗ್ರಂಥಗಳಿಗೂ ಮುಟ್ಟಿಸಿತು. ಮುಟ್ಟಿಸಿದ ಸ್ಥಳವು ನಮ್ಮ ಘಟ್ಟದ ಬುಡದ ಗೋವೆಯೇ. ೧೫೩೪ರಲ್ಲಿ ಅಲ್ಲಿಗೆ ಬಂದ ಪೋರ್ಚುಗೀಜ ವೈದ್ಯನಾದ ಗಾರ್ಸಿಯಾ ದ ಓರ್ತಾನು ಹಿಂದುಸ್ಥಾನದ ಮೂಲಿಕೆಗಳ ಕುರಿತು ಸಂವಾದರೂಪವಾದ ಗ್ರಂಥವೊಂದನ್ನು ಬರೆದು, ೧೫೬೩ರಲ್ಲಿ ಗೋವೆಯಲ್ಲಿಯೇ ಅಚ್ಚುಹಾಕಿಸಿದನು. ಹಾವಿನ ವಿಷಕ್ಕೆ ಮದ್ದೆನಿಸಿದ ಮೂರು ಬಗೆಯ 'ಹಾವಿನ ಕಟ್ಟಿಗೆ'ಗಳನ್ನು ಆತನು ಅದರಲ್ಲಿ ವರ್ಣಿಸಿದ್ದಾನೆ. ಅವುಗಳಲ್ಲೊಂದು ಸರ್ಪಗಂಧಿಯೇ ಎಂದು ಪಂಡಿತರ ಅಭಿಪ್ರಾಯ. ಸರ್ಪದೊಡನೆ ಕಾದುವ ಮುಂಗುಸಿಯು ಬೇರಿನ ಸಹಾಯವನ್ನು ಪಡೆಯುವದೆಂಬ ಕಥೆಯೂ ಅಲ್ಲಿರುವದು. ಓರ್ತಾನು ಯಹೂದಿ ವಂಶದವನು. ಆತನು ೧೫೬೮ರಲ್ಲಿ ತೀರಿಕೊಂಡನು. ೧೫೮೦ರಲ್ಲಿ ಗೋವೆಯ ಧರ್ಮವಿಚಾರಣೆಯವರು ಆತನ ಎಲುಬುಗಳನ್ನು ಗೋರಿಯಿಂದ ತೆಗೆಸಿ ಸುಟ್ಟರು. ಗ್ರಂಥವು ಮಾತ್ರ ಅಷ್ಟರೊಳಗೆ ಲ್ಯಾಟಿನ್ ಸಂಗ್ರಹವಾಗಿ ಯುರೋಪಿನಲ್ಲೆಲ್ಲ ಹರಡಿಹೋಗಿತ್ತು.

ಈ ಜಾತಿಯ ಗಿಡಗಳಿಗೆ ಶಾಸ್ತ್ರೀಯ ನಾಮಕರಣವನ್ನು ೧೭೦೩ರಲ್ಲಿ ಮಾಡಿದವನು ಫ್ರಾನ್ಸಿನ ಪ್ಲುಮಿಯೆ. ಔಗ್ಸ್‌ಬರ್ಗಿನ ವೈದ್ಯನಾಗಿದ್ದ ಲಿಯೋನಾರ್ಡ್ ರೌವೋಲ್ಫನ ಸ್ಮರಣಾರ್ಥವಾಗಿ 'ರೌವೋಲ್ಫಿಯಾ' ಎಂಬ ಹೆಸರಾಯಿತು. ರೌವೋಲ್ಫನು ಹಿಂದುಸ್ಥಾನವನ್ನು ಕಂಡವನಲ್ಲ. ಆತನ ಪ್ರವಾಸವು ಅಲೆಪ್ಪೊ, ಬಗದಾದುಗಳ ಕಡೆಗೆ ನಡೆದಿತ್ತು. ೧೫೮೨ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಕಾಫಿಯನ್ನು ವರ್ಣಿಸಿದ ಮೊದಲ ಯುರೋಪಿಯನ್ನರಲ್ಲಿ ಆತನೊಬ್ಬನು. ನಿದ್ದೆಯನ್ನು ಓಡಿಸುವ ಪಾನೀಯದ ಸುದ್ದಿಯನ್ನು ತಂದವನ ಹೆಸರು ನಿದ್ದೆಯನ್ನು ತರುವ ಬೇರಿಗೆ ಅಂಟಿಕೊಂಡದ್ದು ವಿನೋದವೇ ಸರಿ.

ಬೇರಿನ ಈ ಎರಡನೆಯ ಗುಣವನ್ನು, ಎಂದರೆ ಕೆರಳಿದ ಚಿತ್ತವನ್ನು ಶಾಂತಗೊಳಿಸುವ ಶಕ್ತಿಯನ್ನು, ಕಾದುಕೊಂಡು ಬಂದವರು ಮುಖ್ಯವಾಗಿ ಹಳ್ಳಿಗರು. ಬಿಹಾರದಲ್ಲಿ ಅದನ್ನು 'ಪಾಗಲ್ ಕೀ ದವಾ', ಹುಚ್ಚರ ಮದ್ದು, ಎಂದೇ ಕರೆಯುತ್ತಿದ್ದರು. ೧೯೩೧ರಲ್ಲಿ ಗಣನಾಥ ಸೇನ ಹಾಗೂ ಕಾರ್ತಿಕಚಂದ್ರ ಬೋಸರು ಬೇರನ್ನು ಪುಡಿಮಾಡಿ, ತೂಗಿ, ರೋಗಿಗಳಿಗೆ ಕೊಟ್ಟು, ಉನ್ಮಾದವೂ ರಕ್ತದ ಒತ್ತಡವೂ ತಗ್ಗುವದೆಂದು ಪ್ರಕಟಿಸಿದರು. ಅದೇ ವರ್ಷ ದಿಲ್ಲಿಯಲ್ಲಿ ಸಲೀಮುಜ್ಜಮಾನ ಸಿದ್ದೀಕಿಯವರು ಸಹೋದ್ಯೋಗಿಯೊಡನೆ ಬೇರಿನಿಂದ ಕ್ಷಾರಸತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಂ ಅಜಮಲ್ ಖಾನರ ನೆನಪಿಗಾಗಿ ಅಜಮಲೈನ್ ಎಂದು ಹೆಸರಿಟ್ಟರು. ೧೯೪೯ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ ವಕೀಲರು ೫೦ ಮಂದಿ ರೋಗಿಗಳ ವೃತ್ತಾಂತವನ್ನು ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ಅಚ್ಚುಮಾಡಿಸಿದ ಮೇಲೆ ಪಾಶ್ಚಾತ್ಯರ ಕಣ್ಣು ತೆರೆಯಿತು. ೧೯೫೨ರಲ್ಲಿ ಸ್ವಿಟ್ಜರ್ಲಂಡಿನ ಬಾಸೆಲ್ಲಿನ ಸೀಬಾ ಸಂಸ್ಥೆಯವರು ರಿಸರ್ಪಿನ್ ಎಂಬ ಸತ್ವವನ್ನು ಪಡೆದರು. ೧೯೫೪ರಲ್ಲಿ ಅಮೇರಿಕೆಯ ನೇಥನ್ ಕ್ಲೈನನು ಮಾನಸಿಕ ರೋಗಿಗಳ ಮೇಲಣ ಅದರ ಪರಿಣಾಮವನ್ನು ವರದಿಮಾಡಿದನು. ಮನೋರೋಗಿಯನ್ನು ಕಟ್ಟಿಹಾಕುವದರ ಬದಲು ಔಷಧದಿಂದ ಉಪಚರಿಸಬಹುದೆಂಬ ಭರವಸೆಯು ಬಲಿತದ್ದು ಆ ದಶಕದಲ್ಲಿ. ಅದಕ್ಕೆ ಕಾರಣವಾದ ದ್ರವ್ಯಗಳಲ್ಲಿ ನಮ್ಮ ಕಾಡಿನ ಬೇರಿನ ಸತ್ವವೂ ಒಂದು.

ಆದರೆ ತೂಗಿ ನೋಡಿದ ಶಾಸ್ತ್ರವೇ ಅದರ ಕೇಡನ್ನೂ ಹೊರಗೆಡಹಿತು. ನರಗಳ ತುದಿಯಲ್ಲಿ ಸಂಗ್ರಹವಾಗಿರುವ ಸಂದೇಶವಾಹಕ ದ್ರವ್ಯಗಳನ್ನು ರಿಸರ್ಪಿನ್ ಬರಿದುಮಾಡುವದು. ಶಾಂತಿಯೂ ಒತ್ತಡದ ಇಳಿತವೂ ಅದರಿಂದಲೇ. ಪ್ರಮಾಣ ಮೀರಿದರೆ ನಾಡಿಯು ಮಂದವಾಗುವದು, ರಕ್ತದೊತ್ತಡವು ಅತಿಯಾಗಿ ಕುಸಿಯುವದು. ಕೆಲವರಲ್ಲಿ ತೀವ್ರವಾದ ವಿಷಣ್ಣತೆಯೂ ಕಂಡುಬಂದಿತು. ಔಷಧದ ಪರಿಣಾಮವು ಕ್ರಮಕ್ರಮವಾಗಿ ತೋರಿ ಬಹುದಿನ ನಿಲ್ಲುವದು. ಇಂದು ಕುಡಿದ ಲೋಟದಿಂದ ಏನೂ ಆಗಲಿಲ್ಲವೆಂದು ನಾಳೆ ಎರಡು ಲೋಟ ಕುಡಿಯುವವನು ಅಪಾಯವನ್ನು ತಾನೇ ಕೂಡಿಸಿಕೊಂಡಂತೆ. ಅಡಿಗೆಮನೆಯ ಕಷಾಯದಲ್ಲಿ ಬೇರಿನ ಸತ್ವವೆಷ್ಟೆಂದು ಅಳೆಯುವ ಸಾಧನವಿಲ್ಲ. ಆದುದರಿಂದ ಲಾವಂಚ, ಸೊಗದೆಗಳ ಪಂಕ್ತಿಯಲ್ಲಿ ಇದನ್ನು ಕೂಡ್ರಿಸಲಾಗದು. ಇದು ವೈದ್ಯನ ಕೈಯಿಂದಲೇ ಬರತಕ್ಕ ವಸ್ತು.

ಬೇರಿನ ಕೀರ್ತಿಯು ಗಿಡಕ್ಕೂ ಮುಳುವಾಯಿತು. ಎಲೆ ಕೊಯ್ದರೆ ಗಿಡ ಚಿಗುರುವದು. ಬೇರನ್ನು ಕಿತ್ತರೆ ಗಿಡವೇ ಹೋಗುವದು. ಬೀಜ ಮೊಳೆಯುವದು ವಿರಳ. ಬೇರು ಕೆಲಸಕ್ಕೆ ಬರಲು ಎರಡು ಮೂರು ವರ್ಷಗಳಾದರೂ ಬೇಕು. ೧೯೫೬ರಲ್ಲಿ ವುಡ್‌ವರ್ಡನು ಪ್ರಯೋಗಶಾಲೆಯಲ್ಲಿ ರಿಸರ್ಪಿನ್ನನ್ನು ನಿರ್ಮಿಸಿದರೂ ಬೇರಿನ ಬೇಡಿಕೆಯು ನಿಲ್ಲಲಿಲ್ಲ. ಕಡೆಗೆ ೧೯೯೦ರಲ್ಲಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಡಂಬಡಿಕೆಯ ಎರಡನೆಯ ಪಟ್ಟಿಯಲ್ಲಿ ಸರ್ಪಗಂಧಿಯನ್ನು ಸೇರಿಸಬೇಕಾಯಿತು.

ಜೋಯಿಡಾದ ಕುಣಬಿ ಜನರು ಬಗೆಬಗೆಯ ಗಡ್ಡೆಗೆಣಸುಗಳನ್ನು ಬೆಳೆಯುವದರಲ್ಲಿ ಹೆಸರಾದವರು. ಅಗೆದದ್ದರಲ್ಲಿ ಬೀಜದ ಗಡ್ಡೆಯನ್ನು ಉಳಿಸಿ ಮತ್ತೆ ಮಣ್ಣಿಗಿಡುವದು ಅಂಥ ಬೇಸಾಯದ ಮೊದಲ ಪಾಠ. ಸರ್ಪಗಂಧಿಯೂ ಬೇರಿನ ತುಂಡಿನಿಂದ ಚಿಗುರಬಲ್ಲದು. ಹಿತ್ತಲಿನಲ್ಲಿ ನಾಲ್ಕು ಗಿಡಗಳನ್ನು ಹೀಗೆ ಬೆಳೆಯಿಸಿ, ಅದರ ಬಳಕೆಯನ್ನು ಬಲ್ಲ ವೈದ್ಯರಿಗೆ ಬಿಡುವದು ನಮ್ಮ ಕೈಲಾಗದ ಕೆಲಸವೇನಲ್ಲ.