ಬೀಳುವುದಕ್ಕೂ ಲೆಕ್ಕವಿಟ್ಟ ಯಕಿಮಾ

ಆರು ಕುದುರೆಗಳ ಸಾರೋಟು ಬಯಲಲ್ಲಿ ಧೂಳೆಬ್ಬಿಸಿಕೊಂಡು ಓಡುತ್ತಿದೆ. ಪಕ್ಕದಲ್ಲಿ ಕುದುರೆಯೇರಿ ಬಂದ ದಾಳಿಕೋರನೊಬ್ಬ ಮುಂದಿನ ಜೋಡಿಯ ಮೇಲೆ ಹಾರುತ್ತಾನೆ. ಗುಂಡು ತಗಲುತ್ತದೆ. ಕುದುರೆಗಳ ನಡುವೆ ಜಾರಿ, ಗಾಡಿಯ ಮೂಕಿಮರಕ್ಕೆ ಜೋತುಬಿದ್ದು, ನೆಲಕ್ಕೆ ಬೆನ್ನು ಉಜ್ಜುತ್ತಾ ಸ್ವಲ್ಪ ದೂರ ಸಾಗುತ್ತಾನೆ. ಆಮೇಲೆ ಕೈ ಬಿಡುತ್ತಾನೆ. ಹಿಂದಿನ ನಾಲ್ಕು ಕುದುರೆಗಳ ಗೊರಸುಗಳು, ಅವುಗಳ ಹಿಂದೆ ಗಾಡಿಯ ಚಕ್ರಗಳು ಅವನ ಎರಡೂ ಮಗ್ಗುಲಲ್ಲಿ ಹಾದುಹೋಗುತ್ತವೆ.

ಇದು ಜಾನ್ ಫೋರ್ಡ್ ನಿರ್ದೇಶನದ, 1939ರ 'ಸ್ಟೇಜ್‌ಕೋಚ್' ಚಿತ್ರದ ದೃಶ್ಯ. ಬಿದ್ದವನು ಯಕಿಮಾ ಕನಟ್. ಅದೇ ಓಟದಲ್ಲಿ ಲಗಾಮು ಹಿಡಿಯಲು ಜೋಡಿಯಿಂದ ಜೋಡಿಗೆ ಜಿಗಿಯುವ ನಾಯಕ ಜಾನ್ ವೇನ್‌ಗೆ ಡೂಪ್ ಆದವನೂ ಅವನೇ. ನೋಡುವವರಿಗೆ ಅದು ಹುಂಬ ಧೈರ್ಯ. ಕನಟ್‌ಗೆ ಅದು ಲೆಕ್ಕ. ಕುದುರೆಗಳನ್ನು ಜೋರಾಗಿಯೇ ಓಡಿಸಬೇಕು, ನಿಧಾನವಾದರೆ ಅವು ಅತ್ತಿತ್ತ ವಾಲುತ್ತವೆ, ಜೋರಾಗಿ ಓಡುವ ಕುದುರೆ ನೆಟ್ಟಗೆ ಓಡುತ್ತದೆ ಎನ್ನುವುದು ಅವನ ಅನುಭವ. 1937ರ 'ರೈಡರ್ಸ್ ಆಫ್ ದ ಡಾನ್' ಚಿತ್ರದಲ್ಲೇ ಗಾಡಿಯಡಿ ಹಾದುಹೋಗಿ ಅವನು ಇದನ್ನು ಪರೀಕ್ಷಿಸಿ ನೋಡಿದ್ದ.

ಅವನ ನಿಜ ಹೆಸರು ಈನಸ್ ಎಡ್ವರ್ಡ್ ಕನಟ್. ಹುಟ್ಟಿದ್ದು 1895ರಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೋಲ್‌ಫ್ಯಾಕ್ಸ್‌ನಲ್ಲಿ. ಯಕಿಮಾ ಊರಿಗೂ ಅವನಿಗೂ ಸಂಬಂಧವಿರಲಿಲ್ಲ. ಪೆಂಡಲ್‌ಟನ್ ರೋಡಿಯೋದಲ್ಲಿ ತೆಗೆದ ಚಿತ್ರವೊಂದರ ಕೆಳಗೆ ಪತ್ರಿಕೆ ತಪ್ಪಾಗಿ ಅಚ್ಚುಹಾಕಿದ ಹೆಸರು ಜೀವಮಾನವಿಡೀ ಅಂಟಿಕೊಂಡಿತು. ಅದೇ ಪೆಂಡಲ್‌ಟನ್‌ನಲ್ಲಿ 1917ರಿಂದ 1923ರ ನಡುವೆ ನಾಲ್ಕು ಸಲ ಸರ್ವಾಂಗೀಣ ಪ್ರಶಸ್ತಿ ಗೆದ್ದ. ಮೂಕ ಚಿತ್ರಗಳ ಕಾಲದಲ್ಲಿ ನಾಯಕನೂ ಆದ. ಸಿನಿಮಾ ಮಾತು ಕಲಿತಾಗ ಅವನಿಗೆ ತೊಡಕಾಯಿತು. ಮೊದಲ ಮಹಾಯುದ್ಧದ ವೇಳೆ ನೌಕಾಪಡೆಯಲ್ಲಿದ್ದಾಗ ಬಂದ ಫ್ಲೂ ಅವನ ಗಂಟಲನ್ನು ಕೆಡಿಸಿತ್ತು. ದನಿ ಕೈಕೊಟ್ಟಿತು, ಮೈ ಉಳಿದಿತ್ತು. ಅದನ್ನೇ ನಂಬಿಕೊಂಡ.

ಆ ದಿನಗಳಲ್ಲಿ ತೆರೆಯ ಹೊಡೆದಾಟವೆಂದರೆ ಭುಜಕ್ಕೆ ನಿಜವಾಗಿಯೂ ಗುದ್ದುವುದು. ಕನಟ್ ಮತ್ತು ವೇನ್ ಕ್ಯಾಮೆರಾ ಇರುವ ಕೋನ ನೋಡಿಕೊಂಡು, ಮುಷ್ಟಿ ಮುಖದ ಮುಂದೆ ಬೀಸಿ ಹೋಗುವಂತೆ, ಎದುರಿನವನು ಅದೇ ಕ್ಷಣಕ್ಕೆ ತಲೆ ತಿರುವುವಂತೆ ಏರ್ಪಾಟು ಮಾಡಿಕೊಂಡರು. ಇಂದು ಪ್ರತಿಯೊಬ್ಬ ಫೈಟ್ ಮಾಸ್ಟರ್ ಮೊದಲ ದಿನವೇ ಹೇಳಿಕೊಡುವ ಪಾಠ ಅದು. ಬೀಳುವಾಗ ಸವಾರನ ಕಾಲು ಸಿಕ್ಕಿಕೊಳ್ಳದಂತೆ ಒಂದು ಬದಿ ತೆರೆದಿರುವ ರಿಕಾಪನ್ನೂ, ಗಾಡಿ ಮಗುಚುವ ಮೊದಲೇ ಕುದುರೆಗಳನ್ನು ಬಿಡಿಸುವ ಸಾಧನವನ್ನೂ ಅವನು ರೂಪಿಸಿದ.

ಕುದುರೆಗಳ ವಿಷಯದಲ್ಲಿ ಮಾತ್ರ ಈ ಕಥೆ ಅಷ್ಟು ಹಸನಲ್ಲ. 'ರನ್ನಿಂಗ್ ಡಬ್ಲ್ಯೂ' ಎಂಬ ತಂತ್ರದಲ್ಲಿ ಕುದುರೆಯ ಮುಂಗಾಲುಗಳಿಗೆ ತಂತಿ ಕಟ್ಟಿ, ಇನ್ನೊಂದು ತುದಿಯನ್ನು ನೆಲಕ್ಕೆ ಬಿಗಿಯುತ್ತಿದ್ದರು. ತಂತಿ ಮುಗಿದಲ್ಲಿ ಕುದುರೆ ಮುಗ್ಗರಿಸುತ್ತಿತ್ತು. ತಾನು ಸುಮಾರು 300 ಸಲ ಇದನ್ನು ಮಾಡಿದರೂ ಒಂದು ಕುದುರೆಯೂ ಊನವಾಗಲಿಲ್ಲ ಎಂದು ಕನಟ್ ಹೇಳಿಕೊಂಡಿದ್ದಾನೆ. ಬೇರೆಯವರ ಕೈಯಲ್ಲಿ ಕುದುರೆಗಳು ಕತ್ತು ಮುರಿದುಕೊಂಡು ಸತ್ತವು. ಓಡುತ್ತಿರುವ ಪ್ರಾಣಿಗೆ ತಾನು ಬೀಳಲಿದ್ದೇನೆಂದು ತಿಳಿದಿರುವುದಿಲ್ಲ, ಆದ್ದರಿಂದ ಆ ತಂತಿಯನ್ನು ಒಪ್ಪಿಕೊಳ್ಳಲಾಗದು. 1939ರ 'ಜೆಸ್ಸಿ ಜೇಮ್ಸ್' ಚಿತ್ರಕ್ಕಾಗಿ ಬಂಡೆಯಿಂದ ನೀರಿಗೆ ಬೀಳಿಸಿದ ಕುದುರೆ ಸತ್ತ ಮೇಲೆ ಜನ ಕೆರಳಿದರು, ಹಾಲಿವುಡ್ ಸೆಟ್‌ಗಳಲ್ಲಿ ಪ್ರಾಣಿಗಳ ಮೇಲ್ವಿಚಾರಣೆ ಶುರುವಾಯಿತು.

ಅವನ ಕೆಲಸದ ಶಿಖರ 1959ರ 'ಬೆನ್ ಹರ್'. 1925ರ ಮೂಕ 'ಬೆನ್ ಹರ್'ನ ರಥದ ಓಟದಲ್ಲಿ ಹಲವು ಕುದುರೆಗಳು ಪ್ರಾಣ ಬಿಟ್ಟಿದ್ದವು. ಆಂಡ್ರೂ ಮಾರ್ಟನ್ ಜೊತೆಗೂಡಿ ಕನಟ್ ರೋಮ್‌ನ ಚಿನೆಚಿತ್ತಾ ಸ್ಟುಡಿಯೋದಲ್ಲಿ ಅದನ್ನು ಹೊಸದಾಗಿ ಕಟ್ಟಿದ. 18 ಎಕರೆಯ ಅಖಾಡ, 78 ಕುದುರೆಗಳು, ಅವನ್ನು ಪಳಗಿಸಲು ಗ್ಲೆನ್ ರ‍್ಯಾಂಡಲ್. ನಾಯಕ ಚಾರ್ಲ್‌ಟನ್ ಹೆಸ್ಟನ್‌ಗೆ ಕನಟ್ ವಾರಗಟ್ಟಲೆ ರಥ ಓಡಿಸಲು ಕಲಿಸಿದ. ನೀನು ರಥದಿಂದ ಬೀಳದಿದ್ದರೆ ಸಾಕು, ಗೆಲ್ಲಿಸುವ ಹೊಣೆ ನನ್ನದು ಎಂದು ಶಿಷ್ಯನಿಗೆ ಧೈರ್ಯ ಹೇಳಿದನಂತೆ.

ಪುಡಿಯಾದ ರಥದ ಮೇಲೆ ನಾಯಕನ ರಥ ನೆಗೆಯುವ ದೃಶ್ಯದಲ್ಲಿ ಹೆಸ್ಟನ್‌ಗೆ ಡೂಪ್ ಆಗಿ ನಿಂತವನು ಯಕಿಮಾನ ಮಗ ಜೋ. ರಥ ನೆಗೆದ ರಭಸಕ್ಕೆ ಜೋ ಮುಂದಕ್ಕೆ ಪಲ್ಟಿಹೊಡೆದ. ರಥದ ಮುಂಭಾಗ ಹಿಡಿದು ನೇತಾಡಿದ ಹುಡುಗ ಹೇಗೋ ಪಾರಾದ. ಗದ್ದದ ಮೇಲೊಂದು ಗಾಯ, ಅಷ್ಟೆ. ಅಪ್ಪ ಅಲ್ಲೇ ಇದ್ದ. ಯೋಜನೆಯಲ್ಲಿ ಇಲ್ಲದ ಆ ಪಲ್ಟಿಯನ್ನು ಚಿತ್ರದಲ್ಲಿ ಹಾಗೇ ಉಳಿಸಿಕೊಂಡು, ಹೆಸ್ಟನ್ ಮತ್ತೆ ರಥವೇರುವ ಸಮೀಪದ ಶಾಟ್ ಒಂದನ್ನು ಸೇರಿಸಿದರು. ಓಟದ ಚಿತ್ರೀಕರಣದಲ್ಲಿ ಒಬ್ಬ ಸತ್ತನೆಂಬ ವದಂತಿ ಇಂದಿಗೂ ಓಡಾಡುತ್ತದೆ. ಯಾರೂ ಸಾಯಲಿಲ್ಲ.

ಆದರೆ ಚಿತ್ರೀಕರಣದಲ್ಲಿ ಜೀವ ಹೋಗುವುದು ಕನ್ನಡಿಗರಿಗೆ ದೂರದ ವಿಷಯವಲ್ಲ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ, ಹೆಲಿಕಾಪ್ಟರಿನಿಂದ ನೀರಿಗೆ ಹಾರುವ ದೃಶ್ಯದ ಚಿತ್ರೀಕರಣದಲ್ಲಿ ಇಬ್ಬರು ನಟರು ಲೈಫ್ ಜಾಕೆಟ್ ಇಲ್ಲದೆ ಹಾರಿ ಮುಳುಗಿಹೋದರು. ಹಾರಿದವನು ದಡ ಸೇರುವುದು ಹೇಗೆ ಎಂಬ ಲೆಕ್ಕವೇ ಮೊದಲು ಆಗಬೇಕಿತ್ತು.

'ಬೆನ್ ಹರ್' 11 ಆಸ್ಕರ್ ಗೆದ್ದಿತು. ಸಾಹಸಕ್ಕೆ ಆಗ ಪ್ರಶಸ್ತಿಯೇ ಇರಲಿಲ್ಲ. 1967ರ ಸಮಾರಂಭದಲ್ಲಿ ಕನಟ್‌ಗೆ ಗೌರವ ಆಸ್ಕರ್ ಕೊಟ್ಟಾಗ, ಅವನ ಸಾಹಸಗಳ ಜೊತೆಗೆ ಸ್ಟಂಟ್‌ನವರ ಜೀವ ಕಾಯುವ ಸಾಧನಗಳನ್ನೂ ಅಕಾಡೆಮಿ ಹೆಸರಿಸಿತು. ಸಾಹಸ ವಿನ್ಯಾಸಕ್ಕೆ ಪ್ರತ್ಯೇಕ ಆಸ್ಕರ್ ಘೋಷಣೆಯಾದದ್ದು 2025ರಲ್ಲಿ. ಮೊದಲ ಪ್ರಶಸ್ತಿ 2028ರಲ್ಲಿ. ಕನಟ್ 1986ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡ.

ಅದಕ್ಕೂ ಮೊದಲು, 'ದ ಲೆಜೆಂಡ್ ಆಫ್ ದ ಲೋನ್ ರೇಂಜರ್' ಚಿತ್ರಕ್ಕಾಗಿ ಟೆರಿ ಲಿಯೊನಾರ್ಡ್ ಎಂಬ ಸಾಹಸಿ ಕನಟ್‌ನ ಆ ಗಾಡಿಯಡಿಯ ಪಟ್ಟು ಹಾಕಲು ಹೋಗಿ, ಕಾಲಿನ ಮೇಲೆ ಚಕ್ರ ಹರಿದು ಗಾಯಗೊಂಡ. ಮತ್ತೆ ಪಣತೊಟ್ಟು, 1981ರಲ್ಲಿ ತೆರೆಕಂಡ 'ರೇಡರ್ಸ್ ಆಫ್ ದ ಲಾಸ್ಟ್ ಆರ್ಕ್'ನಲ್ಲಿ ಓಡುವ ಲಾರಿಯ ಕೆಳಗೆ ಜಾರಿ ಹಿಂಬದಿಯಿಂದ ಹೊರಬಂದ. ಈ ಸಲ ಲಾರಿಯನ್ನು ಎತ್ತರಿಸಿ, ರಸ್ತೆಯ ನಡುವೆ ಅವನ ಮೈ ಹಿಡಿಸುವಷ್ಟು ಕಾಲುವೆ ತೋಡಿದ್ದರು. ಆ ಚಿತ್ರದ ಸಾಹಸದ ಹೊಣೆ ಹೊತ್ತಿದ್ದವನು 'ಬೆನ್ ಹರ್' ಕುದುರೆಗಳನ್ನು ಪಳಗಿಸಿದ ಗ್ಲೆನ್ ರ‍್ಯಾಂಡಲ್‌ನ ಮಗ.