ಯಾದವಗಿರಿಯಿಂದ ಶೋಲಾವರದವರೆಗೆ: ಮೈಸೂರಿನ ಜಾವಾ ಮತ್ತು ಅದನ್ನು ಉಳಿಸಿದ ಕೈಗಳು

ಕೈಗಾರಿಕೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಾರ್ಖಾನೆಯ ಬಾಗಿಲು ತೆರೆದ ದಿನದಿಂದ ತೊಡಗಿ, ಅದು ಮುಚ್ಚಿದ ದಿನಕ್ಕೆ ಲೇಖನಿಯನ್ನು ಕೆಳಗಿಡುವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಗೆ ಈ ಕ್ರಮವನ್ನು ಅನ್ವಯಿಸಿದರೆ, ಅಲ್ಲಿ ತಯಾರಾದ ಮೋಟಾರ್ ಸೈಕಲ್ಲಿನ ಕಥೆ 1961ರಲ್ಲಿ ತೊಡಗಿ 1996ರಲ್ಲಿ ಮುಗಿಯಬೇಕು. ಆದರೆ ಕಥೆ ಹಾಗೆ ಮುಗಿಯಲಿಲ್ಲ. ಕಾರ್ಖಾನೆ ನಿಂತು ಕಾಲು ಶತಮಾನಕ್ಕೂ ಹೆಚ್ಚು ಕಾಲ ಸಂದಿದ್ದರೂ ಅಲ್ಲಿಂದ ಹೊರಬಂದ ವಾಹನಗಳು ಬೆಂಗಳೂರು, ಮೈಸೂರು, ಪುಣೆ, ಮುಂಬಯಿ ಮೊದಲಾದ ಊರುಗಳ ಬೀದಿಗಳಲ್ಲಿ ಇನ್ನೂ ಓಡುತ್ತಿವೆ. ಹೆತ್ತ ಮನೆಯೇ ಇಲ್ಲವಾದ ಮೇಲೂ ಒಂದು ಯಂತ್ರವು ಇಷ್ಟು ಕಾಲ ಬದುಕಿ ಉಳಿದುದು ಹೇಗೆ ಎಂಬ ಪ್ರಶ್ನೆಗೆ ಉತ್ತರವು ಕಂಪೆನಿಯ ಲೆಕ್ಕಪತ್ರಗಳಲ್ಲಿ ದೊರೆಯುವುದಿಲ್ಲ. ಅದು ದೊರೆಯುವುದು ಸವಾರರ ಮತ್ತು ಮೇಸ್ತ್ರಿಗಳ ಕೈಗಳಲ್ಲಿ.

ಜಾವಾ ಎಂಬ ಹೆಸರಿಗೂ ಪೂರ್ವದ ಆ ದ್ವೀಪಕ್ಕೂ ಯಾವ ಸಂಬಂಧವೂ ಇಲ್ಲ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಚೆಕ್ ಉದ್ಯಮಿಯು 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಅದರ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ಈ ಪದವನ್ನು ಕಟ್ಟಿದನು. ಭಾರತಕ್ಕೆ ಈ ವಾಹನವು ಬಂದುದು ಮುಂಬಯಿಯ ಮೂಲಕ. ಅಲ್ಲಿಯ ಇರಾಣಿ ಕುಟುಂಬದವರು ಜಾವಾಗಳನ್ನು ತರಿಸಿ ಮಾರುತ್ತಿದ್ದರು. 1950ರ ದಶಕದಲ್ಲಿ ವಿದೇಶಿ ವಾಹನಗಳ ಆಮದಿಗೆ ಸರ್ಕಾರವು ಕಡಿವಾಣ ಹಾಕಿದಾಗ, ವ್ಯಾಪಾರವನ್ನು ಬಿಡಬೇಕು ಇಲ್ಲವೆ ತಯಾರಿಕೆಗೆ ಇಳಿಯಬೇಕು ಎಂಬ ಸ್ಥಿತಿ ಒದಗಿತು. ರುಸ್ತುಮ್ ಇರಾಣಿ ಮತ್ತು ಫರೂಖ್ ಇರಾಣಿಯವರು ಎರಡನೆಯ ದಾರಿಯನ್ನು ಹಿಡಿದರು. ಯಾದವಗಿರಿಯಲ್ಲಿ ಎದ್ದುನಿಂತ ಕಾರ್ಖಾನೆಯನ್ನು ಉದ್ಘಾಟಿಸಿದವರು ಅಂದು ಮೈಸೂರಿನ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಹೀಗೆ ಮುಂಬಯಿಯ ಬಂಡವಾಳ, ಚೆಕ್ ದೇಶದ ನಕಾಶೆ, ಮೈಸೂರಿನ ಶ್ರಮ ಇವು ಮೂರೂ ಒಂದೆಡೆ ಸೇರಿದುವು. ಮೊದಮೊದಲು ಹೊರದೇಶದಿಂದ ಬಂದ ಭಾಗಗಳನ್ನು ಜೋಡಿಸುವ ಕೆಲಸವೇ ಹೆಚ್ಚು. ಬರಬರುತ್ತ ಅವು ಇಲ್ಲಿಯೇ ತಯಾರಾಗತೊಡಗಿದುವು.

ಆ ಕಾಲದಲ್ಲಿ ಕೊಳ್ಳುವವನ ಮುಂದೆ ಇದ್ದ ಆಯ್ಕೆಗಳು ಮೂರು ಮಾತ್ರ. ಮದರಾಸಿನಲ್ಲಿ 1955ರಿಂದ ತಯಾರಾಗುತ್ತಿದ್ದ ಎನ್‌ಫೀಲ್ಡ್ ಬುಲೆಟ್, ಮೈಸೂರಿನ ಜಾವಾ, 1962ರಿಂದ ಎಸ್ಕಾರ್ಟ್ಸ್‌ನವರು ಹೊರತಂದ ರಾಜದೂತ್. ಒಂದು ವಾಹನವನ್ನು ಕೊಂಡವನು ಅದನ್ನು ಹತ್ತಿಪ್ಪತ್ತು ವರ್ಷ ಬಾಳಿಸಲೇಬೇಕಾಗಿತ್ತು. ಆದ್ದರಿಂದ ಸವಾರನು ಅರ್ಧ ಮೇಸ್ತ್ರಿಯೂ ಆಗದೆ ಗತಿಯಿರಲಿಲ್ಲ. ಹವ್ಯಾಸವೆಂದು ಈಗ ಕರೆಯಲ್ಪಡುವುದು ಅಂದು ಬಹುಮಟ್ಟಿಗೆ ಅನಿವಾರ್ಯವಾಗಿತ್ತೆಂಬುದನ್ನು ಮರೆಯಬಾರದು.

ಜಾವಾದ ರಚನೆಯೂ ಈ ಕಲಿಕೆಗೆ ಅನುಕೂಲವಾಗಿತ್ತು. ಅದರ ಎಂಜಿನ್ನು ಎರಡು ಹೊಡೆತದ್ದು; ಒಂದೇ ಸಿಲಿಂಡರು, 65 ಮಿಲಿಮೀಟರ್ ಅಗಲ, 75 ಮಿಲಿಮೀಟರ್ ಓಟ, ಒಟ್ಟು 248.5 ಘನ ಸೆಂಟಿಮೀಟರ್. ನಾಲ್ಕು ಹೊಡೆತದ ಎಂಜಿನ್ನಿನಲ್ಲಿರುವ ಕವಾಟಗಳು, ಅವನ್ನು ಎತ್ತುವ ಕಡ್ಡಿಗಳು ಇದರಲ್ಲಿಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಚಲಿಸುತ್ತ ಸಿಲಿಂಡರಿನ ರಂಧ್ರಗಳನ್ನು ತೆರೆದು ಮುಚ್ಚುವುದು. ಹೊಗೆ ಹೊರಹೋಗುವುದಕ್ಕೆ ಎರಡು ದಾರಿಗಳಿದ್ದುದರಿಂದ ಇಕ್ಕೆಲಗಳಲ್ಲಿಯೂ ಒಂದೊಂದು ಸೈಲೆನ್ಸರು. ಗೇರು ಬದಲಾಯಿಸುವ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಎಂಜಿನ್ನನ್ನು ಚಾಲೂ ಮಾಡುವ ಕಿಕ್ಕರ್ ಆಗುತ್ತಿತ್ತು. ಆ ಸನ್ನೆಯನ್ನು ಕಾಲಿನಿಂದ ಒತ್ತಿದೊಡನೆ ಕ್ಲಚ್ಚು ತಾನಾಗಿಯೇ ಬಿಡುತ್ತಿದ್ದುದರಿಂದ ಕೈಯ ಸಹಾಯವಿಲ್ಲದೆ ಗೇರು ಬದಲಾಯಿಸಬಹುದಾಗಿತ್ತು. ಇನ್ನು ಬೀಗದ ಕೈಯ ವಿಷಯವಂತೂ ವಿನೋದಕರವಾದುದು: ಒಂದು ಜಾವಾದ ಕೀಲಿಯು ಮತ್ತೊಂದಕ್ಕೂ ಒಪ್ಪುತ್ತಿತ್ತು. ಕಳ್ಳತನದ ಭಯಕ್ಕಿಂತ, ಕೀಲಿ ಕಳೆದುಕೊಂಡವನಿಗೆ ನೆರೆಯವನು ನೆರವಾಗಬಲ್ಲನೆಂಬ ಧೈರ್ಯವೇ ಹೆಚ್ಚಾಗಿದ್ದಂತೆ ತೋರುವುದು.

ಆದರೆ ಸರಳವಾದ ಯಂತ್ರವೆಂದರೆ ಉಪಚಾರ ಬೇಡದ ಯಂತ್ರವೆಂದು ಅರ್ಥವಲ್ಲ. ಪೆಟ್ರೋಲಿಗೆ ಎಣ್ಣೆಯನ್ನು ಬೆರೆಸಿಯೇ ತುಂಬಬೇಕು. ಇಪ್ಪತ್ತೈದಕ್ಕೆ ಒಂದು ಪಾಲು, ಎಂದರೆ ಲೀಟರಿಗೆ 40 ಮಿಲಿಲೀಟರಿನಷ್ಟು. ಎಣ್ಣೆ ಕಡಮೆಯಾದರೆ ಪಿಸ್ಟನ್ನು ಕಾದು ಕಚ್ಚಿಕೊಳ್ಳುವುದು. ಹೆಚ್ಚಾದರೆ ಹೊಗೆ ಕವಿದು, ರಂಧ್ರಗಳಲ್ಲಿಯೂ ಸೈಲೆನ್ಸರಿನ ಒಳಗೂ ಮಸಿ ಕಟ್ಟಿ, ಬಂಡಿಗೆ ಏರನ್ನು ಹತ್ತುವ ಬಲವೇ ಇಲ್ಲದಂತಾಗುವುದು. ಆಗ ಸಿಲಿಂಡರಿನ ತಲೆಯನ್ನು ಬಿಚ್ಚಿ ಮಸಿಯನ್ನು ಕೆರೆದು ತೆಗೆಯಬೇಕು, ಸೈಲೆನ್ಸರಿನ ಒಳಕೊಳವೆಯನ್ನು ಎಳೆದು ಶುಚಿ ಮಾಡಬೇಕು. ಎಂಜಿನ್ನಿನ ಬಲಗಡೆಯ ಮುಚ್ಚಳವನ್ನು ತೆಗೆದರೆ ಡೈನಮೋ ಕಾಣಿಸುವುದು. ಕಿಡಿಯನ್ನು ಹುಟ್ಟಿಸುವ ಪಾಯಿಂಟು ಇರುವುದೂ ಅಲ್ಲಿಯೇ. ಅದರ ಎರಡು ತುದಿಗಳ ನಡುವಣ ಅಂತರವು 0.4 ಮಿಲಿಮೀಟರ್ ಇರಬೇಕು. ಪಿಸ್ಟನ್ನು ತನ್ನ ಮೇಲ್ತುದಿಯನ್ನು ಮುಟ್ಟುವುದಕ್ಕೆ ಸುಮಾರು 3 ಮಿಲಿಮೀಟರ್ ಮುಂಚೆ ಕಿಡಿ ಹಾರಬೇಕು. ಇದನ್ನೇ ಟೈಮಿಂಗ್ ಕಟ್ಟುವುದು ಎಂದು ಹೇಳುವರು. ಅನುಭವಿಯಾದ ಮೇಸ್ತ್ರಿಯು ಅಳತೆಯ ಪಟ್ಟಿ ಇಲ್ಲದಿದ್ದರೂ ಒಂದು ತುಂಡು ಕಾಗದವನ್ನು ಪಾಯಿಂಟಿನ ನಡುವೆ ಹಿಡಿದು, ಚಕ್ರವನ್ನು ಮೆಲ್ಲಗೆ ತಿರುಗಿಸಿ, ಕಾಗದವು ಸಡಿಲಗೊಂಡ ಕ್ಷಣವನ್ನು ಬೆರಳಿನಿಂದಲೇ ಅರಿಯುತ್ತಿದ್ದನು. ಮಳೆಗಾಲದಲ್ಲಿ ಆ ಮುಚ್ಚಳದ ಒಳಗೆ ನೀರು ಸೇರಿ ಬಂಡಿ ನಡುದಾರಿಯಲ್ಲಿ ನಿಂತಾಗ, ಅಂಗಿಯ ಅಂಚಿನಿಂದ ಪಾಯಿಂಟನ್ನು ಒರಸಿ ಮುಂದೆ ಸಾಗುವುದು ಸವಾರನಿಗೂ ಅಭ್ಯಾಸವಾಗಿತ್ತು.

ಈ ವಿದ್ಯೆಯು ಪುಸ್ತಕದಿಂದ ಬಂದುದಲ್ಲ. ಕಾರ್ಖಾನೆಯ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಗರಾಜಿನಲ್ಲಿ ನೆಲದ ಮೇಲೆ ಕುಳಿತು ನಟ್ಟು ಬಿಚ್ಚುತ್ತಿದ್ದ ಹುಡುಗನಿಗೆ ಅದು ದಕ್ಕುತ್ತಿರಲಿಲ್ಲ. ಅವನು ಕಲಿತುದು ಹಿರಿಯನ ಕೈಯನ್ನು ನೋಡಿ, ಎಂಜಿನ್ನಿನ ಸದ್ದನ್ನು ಕೇಳಿ. ನಮ್ಮ ಶಿಲ್ಪಿಗಳ, ಅಕ್ಕಸಾಲಿಗರ, ಕಮ್ಮಾರರ ವಿದ್ಯೆಯು ಹರಿದು ಬಂದ ಬಗೆಯೂ ಇದೇ ಅಲ್ಲವೆ? ಬೋರ್ ಮಾಡಿಸು, ಪಾಯಿಂಟ್ ಇಡು, ಕಾರ್ಬನ್ ತೆಗೆ ಎಂದು ಪರಭಾಷೆಯ ನಾಮಪದಗಳಿಗೆ ಕನ್ನಡದ ಕ್ರಿಯಾಪದಗಳನ್ನು ಹೊಂದಿಸಿ ಅವರು ಕಟ್ಟಿಕೊಂಡ ನುಡಿಗಟ್ಟು ಭಾಷಾಭ್ಯಾಸಿಗಳ ಗಮನಕ್ಕೆ ಅರ್ಹವಾದುದು.

ಬೀದಿಯಲ್ಲಿ ಹೀಗೆ ಬೆಳೆದ ವಿದ್ಯೆಗೆ ಪರೀಕ್ಷೆಯ ಕಣವೊಂದು ಬೇಕಾಗಿತ್ತು. ದಕ್ಷಿಣ ಭಾರತದಲ್ಲಿ ಅದು ಶೋಲಾವರ. ಮದರಾಸಿಗೆ ಉತ್ತರದಲ್ಲಿ ಸುಮಾರು 30 ಕಿಲೋಮೀಟರ್ ದೂರದಲ್ಲಿದ್ದ, ಎರಡನೆಯ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯದು. ಯುದ್ಧ ಮುಗಿದ ಮೇಲೆ ಬರಿದಾಗಿ ಬಿದ್ದಿದ್ದ ಆ ನೆಲದಲ್ಲಿ, 1953ರಲ್ಲಿ ಸ್ಥಾಪಿತವಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಕಾರು ಮತ್ತು ಮೋಟಾರ್ ಸೈಕಲ್ಲುಗಳ ಪಂದ್ಯಗಳನ್ನು ನಡೆಸತೊಡಗಿದರು. ಬೆಂಗಳೂರು, ಮುಂಬಯಿ, ಕಲ್ಕತ್ತೆಗಳಿಂದ ಮಾತ್ರವಲ್ಲ, ಸಿಂಹಳದಿಂದಲೂ ಸವಾರರು ಬರುತ್ತಿದ್ದರು. ಓಟಕ್ಕೆಂದೇ ರಚಿಸಿದ ಯಂತ್ರಗಳನ್ನು ಹೊರದೇಶದಿಂದ ತರಿಸುವುದು ಬಹುಮಂದಿಗೆ ಅಸಾಧ್ಯವಾಗಿದ್ದುದರಿಂದ, ದಿನನಿತ್ಯದ ಬಂಡಿಯನ್ನೇ ಓಟದ ಬಂಡಿಯನ್ನಾಗಿ ಮಾಡಿಕೊಳ್ಳಬೇಕಾಯಿತು. ದೀಪ, ಮಡ್‌ಗಾರ್ಡು, ಸೀಟುಗಳನ್ನು ಕಳಚಿ ಭಾರವನ್ನು ಇಳಿಸುವುದು. ಸಿಲಿಂಡರಿನ ತಲೆಯನ್ನು ಉಜ್ಜಿ ಒತ್ತಡವನ್ನು ಏರಿಸುವುದು. ಅರದಿಂದ ರಂಧ್ರಗಳನ್ನು ಹಿಗ್ಗಿಸುವುದು. ಸೈಲೆನ್ಸರನ್ನು ಕಿತ್ತು ನಡುವೆ ಉಬ್ಬಿದ ಹೊಗೆಕೊಳವೆಯನ್ನು ತಗಡಿನಿಂದ ಮಾಡಿ ಬೆಸೆಯುವುದು. ಸರಪಳಿಯ ಚಕ್ರದ ಹಲ್ಲುಗಳ ಸಂಖ್ಯೆಯನ್ನು ಬದಲಾಯಿಸುವುದು. ಇವೇ ಅವರ ಉಪಾಯಗಳು. ಒಂದೊಂದು ಉಪಾಯಕ್ಕೂ ಬೆಲೆ ತೆರಬೇಕಾಗಿತ್ತು. ರಂಧ್ರವನ್ನು ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ವೇಗ ದೊರೆತರೂ ಕೆಳಗಿನ ಬಲ ಹೋಗುವುದು. ಒತ್ತಡವನ್ನು ಮಿತಿಮೀರಿ ಏರಿಸಿದರೆ ಪಿಸ್ಟನ್ನಿಗೆ ತೂತು ಬೀಳುವುದು. ಸೋತು ಮರಳಿದವನು ಸುಟ್ಟ ಪಿಸ್ಟನ್ನನ್ನು ಗರಾಜಿನ ಕಿಟಕಿಯಲ್ಲಿ ಇಟ್ಟುಕೊಳ್ಳುವನು. ಅಲ್ಲಿ ಕಲಿತ ಪಾಠವು ಮರುವಾರ ಬೀದಿಯ ಬಂಡಿಗಳಿಗೆ ಉಪಯೋಗವಾಗುವುದು. ಓಟದ ಕಣಕ್ಕೂ ಬೀದಿಗೂ ನಡುವೆ ಇದ್ದ ಗೋಡೆ ಅಷ್ಟು ತೆಳುವಾಗಿತ್ತು.

ಈ ಪರಂಪರೆಯಿಂದ ಮೂಡಿಬಂದ ಒಂದು ನಿದರ್ಶನ ಮೈಸೂರಿನಲ್ಲಿಯೇ ಇದೆ. ಮೋಟಾರು ಓಟದ ಗೀಳಿನಿಂದ ಎಂಜಿನ್ನುಗಳನ್ನು ತಿದ್ದುವ ಕೆಲಸಕ್ಕೆ ಇಳಿದ ಸೋಮೇಂದರ್ ಸಿಂಗರು ಸಿಲಿಂಡರಿನ ತಲೆಯ ಒಳಮೈಯಲ್ಲಿ ಸಣ್ಣ ಕಾಲುವೆಗಳನ್ನು ಕೊರೆದು ಇಂಧನವು ಚೆನ್ನಾಗಿ ಕಲಕಿ ಉರಿಯುವಂತೆ ಮಾಡುವ ವಿಧಾನವೊಂದನ್ನು ರೂಪಿಸಿ, 2001ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದರು. ದೊಡ್ಡ ಪ್ರಯೋಗಶಾಲೆಯ ಬೆಂಬಲವಿಲ್ಲದೆ ಗರಾಜಿನಲ್ಲಿ ನಡೆದ ಕೆಲಸವಿದು. ಅದರ ಪ್ರಯೋಜನ ಎಷ್ಟೆಂಬುದನ್ನು ಕುರಿತು ತಜ್ಞರಲ್ಲಿ ಭಿನ್ನಾಭಿಪ್ರಾಯವಿರಬಹುದು. ಅಂತಹ ಪ್ರಶ್ನೆಯೊಂದು ಹುಟ್ಟಬಲ್ಲ ವಾತಾವರಣವು ಮೈಸೂರಿನಲ್ಲಿ ಇದ್ದಿತೆಂಬುದೇ ಇತಿಹಾಸಕ್ಕೆ ಮುಖ್ಯ.

1973ರಲ್ಲಿ ಜಾವಾದ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂದಿತು. ಇರಾಣಿ ಮನೆತನದ ಪೂರ್ವಿಕರ ಊರಾದ ಇರಾನಿನ ಯಜ್ದ್‌ನಿಂದ ಅದು ಬಂದುದೆಂದು ಹೇಳುವುದುಂಟು. 1978ರಲ್ಲಿ ರೋಡ್‌ಕಿಂಗ್ ಹೊರಬಂದಿತು. ಅದರ ಬಲ 16 ಅಶ್ವಶಕ್ತಿ. ಆದರೆ 1980ರ ದಶಕದ ನಡುವಿನಲ್ಲಿ ಜಪಾನಿನ ಸಹಯೋಗದಿಂದ 100 ಘನ ಸೆಂಟಿಮೀಟರಿನ ಹಗುರವಾದ ವಾಹನಗಳು ಮಾರುಕಟ್ಟೆಗೆ ಬಂದೊಡನೆ ಗಾಳಿ ಬೇರೆ ದಿಕ್ಕಿಗೆ ಬೀಸಿತು. 1985ರಲ್ಲಿ ಬಂದ ಹೀರೋ ಹೋಂಡಾದ ನಾಲ್ಕು ಹೊಡೆತದ ಬಂಡಿಯು ಒಂದು ಲೀಟರಿನಲ್ಲಿ ಕ್ರಮಿಸುತ್ತಿದ್ದ ದೂರದ ಅರ್ಧವನ್ನೂ ಯೆಜ್ಡಿಯು ಮುಟ್ಟುತ್ತಿರಲಿಲ್ಲ. ತುಂಬಿಸು, ಮುಚ್ಚು, ಮರೆತುಬಿಡು ಎಂಬುದು ಆ ಹೊಸ ಬಂಡಿಯ ಜಾಹೀರಾತಿನ ಮಾತಾಗಿತ್ತು. ಯೆಜ್ಡಿಯ ಸವಾರನಾದರೋ ಮರೆಯುವಂತಿರಲಿಲ್ಲ. ಎಣ್ಣೆಯನ್ನು ಬೆರೆಸಬೇಕು, ಪಾಯಿಂಟನ್ನು ನೋಡಬೇಕು, ಮಸಿಯನ್ನು ತೆಗೆಯಬೇಕು. ಬಿಡುವಿಲ್ಲದ ನಗರಜೀವನಕ್ಕೆ ಮರೆಯಬಹುದಾದ ಯಂತ್ರವೇ ಹಿತವಾಯಿತು. ಇದರಲ್ಲಿ ಕೊಳ್ಳುವವನ ತಪ್ಪೇನೂ ಇಲ್ಲ. ಹೊಗೆಯನ್ನು ನಿಯಂತ್ರಿಸುವ ನಿಯಮಗಳೂ ಬಿಗಿಯಾದುವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ನಿಂತಿತು. ಅದಕ್ಕೆ ಮುಂಚೆಯೇ, 1990ರ ಸುಮಾರಿಗೆ, ಮದರಾಸಿನ ಓಟಗಳು ಶೋಲಾವರವನ್ನು ಬಿಟ್ಟು ಇರುಂಗಾಟ್ಟುಕೋಟ್ಟೈಯಲ್ಲಿ ಓಟಕ್ಕೆಂದೇ ನಿರ್ಮಿಸಿದ ಪಥಕ್ಕೆ ಹೋಗಿದ್ದುವು.

ಕೆಲಸ ಕಳೆದುಕೊಂಡ ಕಾರ್ಮಿಕರ ಪಾಡು ಬೇರೆಯೇ ಒಂದು ಅಧ್ಯಾಯಕ್ಕೆ ವಿಷಯವಾದುದು. ಬಂಡಿಗಳ ಮಟ್ಟಿಗೆ ಹೇಳುವುದಾದರೆ, ಗುಜರಿಯ ಬೆಲೆಗೆ ಬಿದ್ದಿದ್ದ ಅವನ್ನು ಎತ್ತಿ ನಿಲ್ಲಿಸಿದವರು ಹೊಸ ತಲೆಮಾರಿನ ಹವ್ಯಾಸಿಗಳು. ತಾತ ಕೊಂಡ, ತಂದೆ ಮೂಲೆಗೆ ತಳ್ಳಿದ ಜಾವಾವನ್ನು ಮೊಮ್ಮಗನು ಒರಸಿ ಹೊರತೆಗೆದನು. ಎರಡು ಮೂರು ಕೆಟ್ಟ ಎಂಜಿನ್ನುಗಳಿಂದ ಒಂದು ಒಳ್ಳೆಯದನ್ನು ಕಟ್ಟಿದರು. ದೊರೆಯದ ಭಾಗಗಳನ್ನು ಲೇತ್ ಯಂತ್ರದಲ್ಲಿ ಹೊಸದಾಗಿ ಕಡೆಯಿಸಿದರು. ಇದಕ್ಕಾಗಿ ಅವರು ಹುಡುಕಿಕೊಂಡು ಹೋದುದು ಹಳೆಯ ಗರಾಜುಗಳ ಮುದಿ ಮೇಸ್ತ್ರಿಗಳನ್ನೇ. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಈ ಹವ್ಯಾಸಿಗಳು ಜಾವಾ-ಯೆಜ್ಡಿ ದಿನವೆಂದು ಆಚರಿಸುತ್ತ ಬಂದಿರುವರು. 2018ರ ನವೆಂಬರಿನಲ್ಲಿ ಜಾವಾ ಎಂಬ ಹೆಸರು 293 ಘನ ಸೆಂಟಿಮೀಟರಿನ ಹೊಸ ಬಂಡಿಯೊಂದರ ಮೇಲೆ ಮತ್ತೆ ಕಾಣಿಸಿಕೊಂಡಿತು. ಅದರದು ನಾಲ್ಕು ಹೊಡೆತದ, ನೀರಿನಿಂದ ತಣಿಯುವ ಎಂಜಿನ್ನು. ಎಣ್ಣೆ ಬೆರೆಸುವ ಗೊಡವೆಯಿಲ್ಲ, ಹೊಂದಿಸಬೇಕಾದ ಪಾಯಿಂಟೂ ಇಲ್ಲ. ಜುಲೈಯ ಆ ಭಾನುವಾರ ಬೆಳಗ್ಗೆ ಹಳೆಯ ಬಂಡಿಯೊಂದು ಚಾಲೂ ಆಗದೆ ಹಟ ಹಿಡಿದಾಗ, ಬಲಗಡೆಯ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ ಕಾಗದದ ತುಂಡಿಗಾಗಿ ಜೇಬನ್ನು ತಡಕುವ ಕೈ ಇನ್ನೂ ಆ ಗುಂಪಿನಲ್ಲಿ ಸಿಕ್ಕುತ್ತದೆ.